ಅಪ್‌ಡೇಟ್ ಆಯ್ತು, ಹಾಡು ಕೆಟ್ಟಿತು: ಲಿನಕ್ಸ್ ಲೋಕದ ಒಂದು ಹಳೇ ಜಗಳ

‘ಅಪ್‌ಡೇಟ್ ಮಾಡಿದ ಮೇಲೇನೇ ಆ್ಯಪ್ ಕೆಟ್ಟೋಯ್ತು’ ಅನ್ನೋ ಮಾತು ನೀವೂ ಒಂದಲ್ಲ ಒಂದು ಸಲ ಆಡಿರ್ತೀರಿ. ಆಗ ತಪ್ಪು ಯಾರದ್ದು? ಅಪ್‌ಡೇಟ್ ಕಳಿಸಿದವರದ್ದಾ, ಆ್ಯಪ್ ಬರೆದವರದ್ದಾ? ಇದೇ ಪ್ರಶ್ನೆ 2010ರಲ್ಲಿ ಲಿನಕ್ಸ್ ಲೋಕದ ದೊಡ್ಡ ದೊಡ್ಡವರನ್ನೇ ಜಗಳಕ್ಕೆ ಇಳಿಸಿತ್ತು. ಇವತ್ತು ಆ ಕಥೆ ಹೇಳ್ತೀನಿ.

ಮೊದಲು ಒಂದು ಪಾತ್ರದ ಪರಿಚಯ. ಅದರ ಹೆಸರು ಜಿಲಿಬ್‌ಸಿ. ಲಿನಕ್ಸ್ ಕಂಪ್ಯೂಟರಿನಲ್ಲಿ ಫೈಲ್ ತೆರೆಯೋದು, ಮೆಮೊರಿ ಕೇಳೋದು, ಅಕ್ಷರ ಎಣಿಸೋದು, ಇಂಥ ದಿನನಿತ್ಯದ ಕೆಲಸಗಳನ್ನು ಪ್ರತಿ ಪ್ರೋಗ್ರಾಮೂ ತಾನೇ ಬರೆದುಕೊಳ್ಳೋದಿಲ್ಲ. ಎಲ್ಲವೂ ಸೇರಿ ಒಂದೇ ಲೈಬ್ರರಿಯನ್ನು ಹಂಚಿಕೊಳ್ತವೆ. ಊರಿಗೆಲ್ಲಾ ಒಂದೇ ಬಾವಿ ಇದ್ದ ಹಾಗೆ. ಬಾವಿಯಲ್ಲಿ ಏನಾದರೂ ಬದಲಾದರೆ ಪ್ರತಿ ಮನೆಯ ಅಡುಗೆಗೂ ಅದು ತಟ್ಟುತ್ತೆ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರೋದೂ ಲಿನಕ್ಸ್ ಕರ್ನೆಲ್ಲೇ. ಆದರೆ ಅಲ್ಲಿ ಈ ಕೆಲಸ ಮಾಡೋದು ಬಯಾನಿಕ್ ಅನ್ನೋ ಬೇರೆ ಲೈಬ್ರರಿ.

2010ರಲ್ಲಿ ಫೆಡೋರಾ 14 ಅನ್ನೋ ಲಿನಕ್ಸ್ ಆವೃತ್ತಿ ಬಂತು, ಜೊತೆಗೆ ಹೊಸ ಜಿಲಿಬ್‌ಸಿ ಕೂಡ. ಹಾಕಿಕೊಂಡವರಲ್ಲಿ ಕೆಲವರಿಗೆ ಒಂದು ವಿಚಿತ್ರ ಕಾಟ ಶುರುವಾಯ್ತು. ಬ್ರೌಸರ್‌ನಲ್ಲಿ ಅಡೋಬಿ ಫ್ಲ್ಯಾಶ್ ಮೂಲಕ ಹಾಡು ಹಾಕಿದರೆ ದನಿ ಕರಕರ ಅನ್ನುತ್ತೆ, ಒಡೆದು ಒಡೆದು ಬರುತ್ತೆ. ಫ್ಲ್ಯಾಶ್ ಬದಲಾಗಿಲ್ಲ, ಸ್ಪೀಕರ್ ಕೆಟ್ಟಿಲ್ಲ. ಇನ್ನೂ ಮಜಾ ಅಂದ್ರೆ, ಅದೇ ಫೆಡೋರಾ ಇನ್ನೊಂದು ಕಂಪ್ಯೂಟರಿನಲ್ಲಿ ಸರಿಯಾಗೇ ಇದೆ!

ಕಾರಣ ಹುಡುಕಿದವರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಒಬ್ಬರು. ಬೇರು ಸಿಕ್ಕಿದ್ದು ಮೆಮ್‌ಕಾಪಿ ಅನ್ನೋ ಪುಟ್ಟ ಫಂಕ್ಷನ್‌ನಲ್ಲಿ. ಮೆಮೊರಿಯ ಒಂದು ಜಾಗದಲ್ಲಿ ಇರೋದನ್ನು ಇನ್ನೊಂದು ಜಾಗಕ್ಕೆ ನಕಲು ಮಾಡೋದು, ಅಷ್ಟೇ ಅದರ ಕೆಲಸ.

ಸ್ವಲ್ಪ ಕಲ್ಪಿಸಿಕೊಳ್ಳಿ. ಕರಿಹಲಗೆ ಮೇಲೆ ನಾಲ್ಕು ಚೌಕ ಇವೆ. ಮೊದಲನೆಯದು ಖಾಲಿ, ಮುಂದಿನ ಮೂರರಲ್ಲಿ ಕ, ಖ, ಗ. ಇವನ್ನು ಒಂದೊಂದು ಚೌಕ ಎಡಕ್ಕೆ ನಕಲು ಮಾಡಬೇಕು. ಎಡಗಡೆಯಿಂದ ಶುರು ಮಾಡಿದರೆ ತೊಂದರೆ ಇಲ್ಲ: ಕ, ಖ, ಗ ಸಾಲಾಗಿ ಸರಿತವೆ. ಬಲಗಡೆಯಿಂದ ಶುರು ಮಾಡಿದರೆ? ‘ಗ’ ಹೋಗಿ ‘ಖ’ ಇದ್ದ ಜಾಗದಲ್ಲಿ ಕೂರುತ್ತೆ, ಖ ಅಳಿದುಹೋಯ್ತು. ಮುಂದಿನ ಸಲ ನಕಲಾಗೋದೂ ಆ ‘ಗ’ನೇ. ಕೊನೆಗೆ ಉಳಿಯೋದು ಗ, ಗ, ಗ.

ಹಳೇ ಜಿಲಿಬ್‌ಸಿ ಎಡದಿಂದ ನಕಲು ಮಾಡ್ತಿತ್ತು. ಹೊಸದು, ಕೆಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ ವೇಗ ಹೆಚ್ಚುತ್ತೆ ಅಂತ, ಬಲದಿಂದ ಶುರು ಮಾಡ್ತು. ಯಾವ ವಿಧಾನ ಅನ್ನೋದನ್ನು ಪ್ರೊಸೆಸರ್ ನೋಡಿ ಆರಿಸಿಕೊಳ್ತಿತ್ತು. ಅದಕ್ಕೇ ಒಬ್ಬರ ಕಂಪ್ಯೂಟರಿನಲ್ಲಿ ಕಾಟ, ಪಕ್ಕದವರದ್ದರಲ್ಲಿ ಇಲ್ಲ.

ಈಗ ಜಗಳ. ಸಿ ಭಾಷೆಯ ನಿಯಮ ಸ್ಪಷ್ಟವಾಗಿದೆ: ಎರಡು ಜಾಗಗಳು ಒಂದರ ಮೇಲೊಂದು ಬರುವ ಹಾಗಿದ್ದರೆ ಮೆಮ್‌ಕಾಪಿ ಬಳಸಬಾರದು, ಅದಕ್ಕೆ ಮೆಮ್‌ಮೂವ್ ಅನ್ನೋ ಬೇರೆ ಫಂಕ್ಷನ್ ಇದೆ. ಫ್ಲ್ಯಾಶ್ ಆ ನಿಯಮ ಮುರಿದಿತ್ತು. ‘ಹಾಗಾದರೆ ತಪ್ಪು ಫ್ಲ್ಯಾಶ್‌ನದ್ದು, ನಾವ್ಯಾಕೆ ಬದಲಾಗಬೇಕು’ ಅನ್ನೋದು ಜಿಲಿಬ್‌ಸಿ ಕಡೆಯ ವಾದ. ಟೊರ್ವಾಲ್ಡ್ಸ್ ವಾದ ಇದಕ್ಕೆ ತದ್ವಿರುದ್ಧ: ಬಳಕೆದಾರನಿಗೆ ನಿಯಮ ಪುಸ್ತಕ ಬೇಕಿಲ್ಲ, ನಿನ್ನೆ ಕೇಳ್ತಿದ್ದ ಹಾಡು ಇವತ್ತು ಕೇಳ್ತಿಲ್ಲ, ಅಂದ್ರೆ ಕೆಡಿಸಿದ್ದು ನೀವು. ಫ್ಲ್ಯಾಶ್‌ನ ಮೂಲ ಕೋಡ್ ಅಡೋಬಿ ಬಳಿ ಮಾತ್ರ ಇತ್ತು, ಹೊರಗಿನವರು ಕೈ ಹಾಕಿ ರಿಪೇರಿ ಮಾಡೋ ಹಾಗೂ ಇರಲಿಲ್ಲ.

ನನಗೆ ಈ ಕಥೆಯಲ್ಲಿ ಇಷ್ಟ ಆಗೋದು ಅವರು ಬರೀ ವಾದ ಮಾಡ್ತಾ ಕೂರಲಿಲ್ಲ ಅನ್ನೋದು. ಮೆಮೊರಿ ತಪ್ಪುಗಳನ್ನು ಹಿಡಿಯೋ ವ್ಯಾಲ್‌ಗ್ರಿಂಡ್ ಅನ್ನೋ ಸಾಧನದಲ್ಲಿ ಓಡಿಸಿದರೆ, ಒಂದರ ಮೇಲೊಂದು ಬೀಳೋ ನಕಲುಗಳನ್ನು ಅದು ಎತ್ತಿ ತೋರಿಸ್ತು. ಟೊರ್ವಾಲ್ಡ್ಸ್ ಒಂದು ಪುಟ್ಟ ಬದಲಿ ಮೆಮ್‌ಕಾಪಿ ಬರೆದರು. ಎಲ್‌ಡಿ ಪ್ರಿಲೋಡ್ ಅನ್ನೋ ಸೌಲಭ್ಯದಿಂದ ಅದನ್ನು ಜಿಲಿಬ್‌ಸಿಗಿಂತ ಮೊದಲು ಲೋಡ್ ಮಾಡಿಸಿದರು. ದನಿ ಸರಿಹೋಯ್ತು. ಅನುಮಾನ ಆಗ ಸಾಕ್ಷಿ ಆಯ್ತು.

ರಾಜಿ ಬಂದಿದ್ದು 2011ರಲ್ಲಿ, ಜಿಲಿಬ್‌ಸಿ 2.14ರ ಜೊತೆ. ಒಂದೇ ಲೈಬ್ರರಿಯಲ್ಲಿ ಮೆಮ್‌ಕಾಪಿಗೆ ಎರಡು ಬಾಗಿಲು ಇಟ್ಟರು. ಹಳೇ ಪ್ರೋಗ್ರಾಮ್ ಬಂದರೆ ಹಳೇ ಬಾಗಿಲು, ಒಳಗೆ ಸುರಕ್ಷಿತ ಮೆಮ್‌ಮೂವ್. ಹೊಸದಾಗಿ ಕಟ್ಟಿದ ಪ್ರೋಗ್ರಾಮ್‌ಗೆ ಹೊಸ, ವೇಗದ ಬಾಗಿಲು. ಇದಕ್ಕೂ ಬೆಲೆ ಇತ್ತು: ಹೊಸ ಸಿಸ್ಟಮ್‌ನಲ್ಲಿ ಕಟ್ಟಿದ ಪ್ರೋಗ್ರಾಮನ್ನು ಹಳೇ ಸಿಸ್ಟಮ್‌ಗೆ ಒಯ್ದರೆ ‘ಜಿಲಿಬ್‌ಸಿ 2.14 ಸಿಗಲಿಲ್ಲ’ ಅಂತ ಮುಖಕ್ಕೆ ಹೊಡೆದ ಹಾಗೆ ಸಂದೇಶ ಬರುತ್ತೆ.

ಕಥೆ ಅಲ್ಲಿಗೇ ಮುಗೀತಾ? ಇಲ್ಲ. 2022ರ ಆಗಸ್ಟ್‌ನಲ್ಲಿ ಜಿಲಿಬ್‌ಸಿ 2.36 ಬಂತು. ಲೈಬ್ರರಿಯೊಳಗೆ ಫಂಕ್ಷನ್ ಹೆಸರು ಹುಡುಕೋಕೆ ಇದ್ದ ಹಳೇ ಸೂಚಿಯೊಂದನ್ನು ಅದರಲ್ಲಿ ಕೈಬಿಡಲಾಗಿತ್ತು. ಈಝಿ ಆ್ಯಂಟಿ-ಚೀಟ್ ಅನ್ನೋ, ಗೇಮ್‌ಗಳಲ್ಲಿ ಮೋಸ ತಡೆಯೋ ತಂತ್ರಾಂಶ ಅದೇ ಸೂಚಿಯನ್ನು ನಂಬಿಕೊಂಡಿತ್ತು. ಆರ್ಚ್ ಲಿನಕ್ಸ್‌ನಲ್ಲಿ ಅಪ್‌ಡೇಟ್ ಮಾಡಿದವರ ಕೆಲವು ಗೇಮ್‌ಗಳು ನಿಂತವು. ಕೊನೆಗೆ ಆರ್ಚ್ ತಂಡ ಆ ಸೂಚಿಯನ್ನು ತನ್ನ ಪ್ಯಾಕೇಜಿಗೆ ವಾಪಸ್ ಸೇರಿಸ್ತು. ಹನ್ನೆರಡು ವರ್ಷ ಕಳೆದರೂ ಅದೇ ಜಗಳ, ಅದೇ ವಾದ!

ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿಗೆ ಹೀಗಾದರೆ ಏನು ಮಾಡ್ತೀರಿ? ಮೊದಲು ಅಪ್‌ಡೇಟ್ ಲಾಗ್ ತೆಗೆದು ಏನೇನು ಬದಲಾಯ್ತು ನೋಡಿ. ಎಲ್ಲಾ ಪ್ರೋಗ್ರಾಮ್‌ಗಳೂ ಬೀಳ್ತಿವೆಯಾ, ಒಂದೇನಾ ಅಂತ ಗಮನಿಸಿ. ಬೇರೆ ಪ್ರೊಸೆಸರ್ ಇರೋ ಕಂಪ್ಯೂಟರಿನಲ್ಲಿ ಪರೀಕ್ಷಿಸಿ. ಹಳೇ ಆವೃತ್ತಿಗೆ ಮರಳಬೇಕಿದ್ದರೆ ಪ್ಯಾಕೇಜ್ ಮ್ಯಾನೇಜರ್ ಮೂಲಕವೇ ಮರಳಿ. ಜಿಲಿಬ್‌ಸಿ ಫೈಲನ್ನು ಕೈಯಾರೆ ಅಳಿಸೋಕೆ ಮಾತ್ರ ಹೋಗಬೇಡಿ, ಆಮೇಲೆ ಫೈಲ್ ನಕಲು ಮಾಡೋ ಸಾಮಾನ್ಯ ಕಮಾಂಡ್ ಕೂಡ ಓಡೋದಿಲ್ಲ. ಯುಎಸ್‌ಬಿಯಿಂದ ಬೂಟ್ ಮಾಡಿ ರಿಪೇರಿ ಮಾಡೋ ಪಾಡು ಬರುತ್ತೆ.

ಇನ್ನು ತಪ್ಪು ಯಾರದ್ದು ಅನ್ನೋ ಪ್ರಶ್ನೆ. ನನ್ನ ಮಟ್ಟಿಗೆ, ನಿಯಮ ಮುರಿದದ್ದು ಫ್ಲ್ಯಾಶ್, ನಿಜ. ಆದರೆ ಊರಿಗೆಲ್ಲಾ ನೀರು ಕೊಡೋ ಬಾವಿ ಕಾಯೋರಿಗೆ ‘ನಿಮ್ಮ ಕೊಡ ಸರಿ ಇಲ್ಲ’ ಅಂತ ಹೇಳಿ ಕೈ ತೊಳೆದುಕೊಳ್ಳೋ ಸ್ವಾತಂತ್ರ್ಯ ಇರೋದಿಲ್ಲ. ಎರಡು ಬಾಗಿಲಿನ ರಾಜಿ ಅದನ್ನೇ ಒಪ್ಪಿಕೊಂಡ ಹಾಗಿತ್ತು. ಫ್ಲ್ಯಾಶ್ 2020ರ ಕೊನೆಗೆ ಕಣ್ಣುಮುಚ್ಚಿತು. ಆ ಹಳೇ ಬಾಗಿಲು ಜಿಲಿಬ್‌ಸಿಯಲ್ಲಿ ಇನ್ನೂ ತೆರೆದೇ ಇದೆ.

ನಿಮ್ಮ ಅಭಿಪ್ರಾಯ ಏನು, ತಿಳಿಸಿ.