ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ: ಸಾಂಸ್ಕೃತಿಕ ಮತ್ತು ಅಭಿವೃದ್ಧಿ ಸಹಕಾರ

ನೇಪಾಳದಲ್ಲಿ ಭಾರತ ಸರ್ಕಾರದ ನೆರವಿನ ಕಾಮಗಾರಿಗಳು ಹಾಗೂ ಸಾಂಸ್ಕೃತಿಕ ಕಾರ್ಯಗಳು ನಡೆಯುವುದು ಈ ಕಚೇರಿಯ ಮೂಲಕ. ಕಠ್ಮಂಡುವಿನ ನೇಪಾಳ–ಭಾರತ ಗ್ರಂಥಾಲಯ 1951ರಷ್ಟು ಹಳೆಯದು. ಕಠ್ಮಂಡು ಕಣಿವೆಯನ್ನು ತರಾಯಿ ಬಯಲಿಗೆ ಬೆಸೆದ ತ್ರಿಭುವನ ರಾಜಪಥ ಭಾರತದ ನೆರವಿನಿಂದ 1956ರಲ್ಲಿ ಮುಗಿಯಿತು. ಅದಕ್ಕೆ ಮುಂಚೆ ರಾಜಧಾನಿಗೆ ಬೇಕಾದ ಮೋಟಾರು ಕಾರುಗಳನ್ನು ಕೂಡ ಹಮಾಲರು ಹೆಗಲ ಮೇಲೆ ಹೊತ್ತು ಬೆಟ್ಟ ದಾಟಿಸುತ್ತಿದ್ದರು. ಆ ರಸ್ತೆಯ ಬೆಲೆ ತಿಳಿಯಲು ಇದೊಂದೇ ಸಾಕು.

2003ರಿಂದ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರಿನಂಥ ಸಣ್ಣ ಯೋಜನೆಗಳಿಗೆ ಪ್ರತ್ಯೇಕ ಕಾರ್ಯಕ್ರಮವಿದೆ. ಹಣ ಭಾರತದ್ದು, ಕೆಲಸ ಮಾಡಿಸುವುದು ನೇಪಾಳದ ಸ್ಥಳೀಯ ಸಂಸ್ಥೆಗಳು. ಊರಿನವರಿಗೆ ಹತ್ತಿರವಾದ ನೆರವೆಂದರೆ ಇದೇ. ರಾಷ್ಟ್ರೀಯ ಹಬ್ಬಗಳಂದು ಆಂಬುಲೆನ್ಸ್, ಶಾಲಾ ಬಸ್ಸುಗಳ ಕೀಲಿಕೈ ಹಸ್ತಾಂತರಿಸುವ ರೂಢಿಯೂ ಇದೆ. 2015ರ ಭೂಕಂಪದ ನಂತರ ಗೋರ್ಖಾ, ನುವಾಕೋಟ್ ಜಿಲ್ಲೆಗಳಲ್ಲಿ 50,000 ಮನೆಗಳಿಗೆ ನೆರವು ಸಿಕ್ಕಿತು. ಗುತ್ತಿಗೆದಾರರ ಬದಲು ಮನೆಯವರೇ ಕಂತುಕಂತಾಗಿ ಹಣ ಪಡೆದು, ಎಂಜಿನಿಯರುಗಳ ಸಲಹೆಯಂತೆ ಗೋಡೆ ಎಬ್ಬಿಸಿದರು.

2007ರಲ್ಲಿ ಆರಂಭವಾದ ಸಾಂಸ್ಕೃತಿಕ ಕೇಂದ್ರಕ್ಕೆ ಸ್ವಾಮಿ ವಿವೇಕಾನಂದರ ಹೆಸರಿದೆ. ಅಲ್ಲಿ ಯೋಗ, ಸಂಗೀತ, ನೃತ್ಯ ಕಲಿಸುತ್ತಾರೆ. ಪಶುಪತಿನಾಥ ಕ್ಷೇತ್ರದ ಯಾತ್ರಿಗಳಿಗಾಗಿ ಭಾರತದ ನೆರವಿನಿಂದ ಕಟ್ಟಿದ ಧರ್ಮಶಾಲೆ 2018ರಲ್ಲಿ ಉದ್ಘಾಟನೆಯಾಯಿತು. ಆ ದೇಗುಲದಲ್ಲಿ ಪೂಜೆ ಮಾಡುವ ಭಟ್ಟರಲ್ಲಿ ಕರ್ನಾಟಕದಿಂದ ಹೋದವರಿದ್ದಾರೆ.