ಕಳ್ಳು ಬಿಟ್ಟವರ ಚರಿತ್ರೆ

ನಮ್ಮ ಗುಂಡುಮಾಲ್ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಬಾಳು. ನೆರೆಯ ಕೊಡಂಗಲ್ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಗಡಿ ಸರಿಯಿತು, ಕಳ್ಳಿನಂಗಡಿ ಸರಿಯಲಿಲ್ಲ. ನಿಜಾಮರ ಕಾಲದಲ್ಲಿ ಅಬಕಾರಿ ಸರ್ಕಾರದ ದೊಡ್ಡ ಆದಾಯವಾಗಿತ್ತು; ಆದರೆ ಕಳ್ಳು ಆಗ ಮರದ್ದು. ಬರಬರುತ್ತ ಮರಗಳು ಸಾಲದಾಗಿ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್ಪ್ರಜೋಲಾಮ್ ಎಂಬ ಮತ್ತಿನ ರಾಸಾಯನಿಕಗಳು ಮಡಕೆ ಸೇರಿದವು. 2015ರ ಸೆಪ್ಟೆಂಬರ್‌ನಲ್ಲಿ ಕಲಬೆರಕೆಯ ಮೇಲೆ ಬಿಗಿ ಕ್ರಮವಾದಾಗ ನಿಜಾಮಾಬಾದ್ ಮತ್ತು ನಮ್ಮ ಅಂದಿನ ಮಹಬೂಬ್‌ನಗರ ಜಿಲ್ಲೆಗಳಲ್ಲಿ ಅದಕ್ಕೆ ಒಗ್ಗಿದ ಜನ ನಡುಕ, ಭ್ರಮೆ, ಫಿಟ್ಸುಗಳಿಂದ ಆಸ್ಪತ್ರೆಗಳನ್ನು ತುಂಬಿದರು.

ಅದು ಬಿಟ್ಟೊಡನೆ ಬರುವ ಸಂಕಟ. ಕೆಲವು ದಿನಗಳಲ್ಲಿ ಇಳಿಯುತ್ತದೆ. ನನ್ನನ್ನು ಕಾಡಿದ್ದು ಬೇರೆಯದು. ಆರು ತಿಂಗಳು ಮುಟ್ಟದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜಾತ್ರೆಯ ದಿನ ಅಂಗಡಿಯ ವಾಸನೆ ಬಡಿದೊಡನೆ ಒಳಹೊಕ್ಕ. "ನಿನಗೆ ಮನಸ್ಸು ಗಟ್ಟಿಯಿಲ್ಲ" ಎಂದು ನಾಲ್ಕು ಜನರೆದುರು ಗದರಿದೆ. ಮೇಷ್ಟರ ಚಟ ಅದು. ಅವನು ಮತ್ತೆ ನನ್ನ ಮನೆ ಮೆಟ್ಟಿಲು ಹತ್ತಲಿಲ್ಲ.

ಬಹುಕಾಲದ ಮೇಲೆ ಓದಿ ತಿಳಿದೆ. 2001ರಲ್ಲಿ ಅಮೆರಿಕದ ಗ್ರಿಮ್, ಶಹಾಮ್ ಮೊದಲಾದ ವಿಜ್ಞಾನಿಗಳು ಕೊಕೇನ್‌ಗೆ ಒಗ್ಗಿದ ಇಲಿಗಳಿಗೆ ಅದನ್ನು ತಪ್ಪಿಸಿ ನೋಡಿದರು. ಕೊಕೇನ್‌ನ ನೆನಪು ತರುವ ದೀಪ, ಸದ್ದು ಎದುರಾದಾಗ ಇಲಿಗಳು ಸನ್ನೆಕೋಲನ್ನು ಒತ್ತುವುದು ದಿನ ಕಳೆದಂತೆ ತಗ್ಗಲಿಲ್ಲ. ಎರಡು ತಿಂಗಳವರೆಗೆ ಏರುತ್ತ ಹೋಯಿತು. ಬಾರ್ದ್ ಎಂಬವರು 1982ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಿದ್ದ, ನರಕೋಶಗಳನ್ನು ಪೋಷಿಸುವ ಬಿಡಿಎನ್ಎಫ್ ಎಂಬ ಪ್ರೋಟೀನು, ಆ ಇಲಿಗಳ ಮಿದುಳಿನ ಆಸೆ-ತೃಪ್ತಿಯ ಭಾಗಗಳಲ್ಲಿ ಅದೇ ಬಗೆಯಲ್ಲಿ ದಿನೇ ದಿನೇ ಹೆಚ್ಚುತ್ತಿತ್ತೆಂದು 2003ರಲ್ಲಿ ಅವರೇ ಕಂಡರು. ನೆನಪು ಬೇರೂರಲು ನೆರವಾಗುವ ಪ್ರೋಟೀನೇ ಹಂಬಲಕ್ಕೂ ಗೊಬ್ಬರವಾಗಿತ್ತು!

ಕೊಕೇನ್ ಉತ್ತೇಜಕ, ಅಲ್ಪ್ರಜೋಲಾಮ್ ಮಂಪರು ತರುವಂಥದು, ಇಲಿ ಮನುಷ್ಯನಲ್ಲ. ಆದ್ದರಿಂದ ನಮ್ಮ ಕಳ್ಳಿಗೂ ಇದೇ ಲೆಕ್ಕವೆಂದು ನಾನು ಹೇಳಲಾರೆ. ಆದರೆ ಆರು ತಿಂಗಳು ಕಳೆದವನಿಗೆ ಅಪಾಯವೂ ಕಳೆಯಿತೆಂದು ನಾನು ಹಾಕಿದ ಲೆಕ್ಕ ತಪ್ಪಾಗಿತ್ತು.

ಕಳೆದ ಯುಗಾದಿಗೆ ನಾನೇ ಅವನ ಮನೆಗೆ ಹೋದೆ. ಬಾಗಿಲು ತೆರೆದ ಮಗಳು, ಅಪ್ಪ ಪುಣೆಗೆ ಗುಳೆ ಹೋಗಿದ್ದಾನೆ, ಮಳೆ ಬಿದ್ದ ಮೇಲೆ ಬರುತ್ತಾನೆ ಎಂದಳು.