ಅಚ್ಚು ನುಡಿಯುವ ಸಾಕ್ಷ್ಯ: ಗಾಳಿತಂಪಿನ ಹಳೆಯ ಕಾರುಗಳ ಹಿಂದಿನ ಆಕ್ಸಲ್ ಮತ್ತು ಚಕ್ರ ಜೋಡಣೆ

ಪೀಠಿಕೆ

ಹಳೆಯ ಕಾರಿನ ಕಾಲ ಗೊತ್ತುಮಾಡಲು ನಾವು ಮೊದಲು ನೋಡುವುದು ಆರ್.ಸಿ. ಪುಸ್ತಕವನ್ನು, ಆಮೇಲೆ ಷಾಸಿ ನಂಬರನ್ನು, ಅದೂ ಸಾಲದಿದ್ದರೆ ದೀಪ, ಬಂಪರುಗಳ ಆಕಾರವನ್ನು. ಆದರೆ ಅದೇ ಕಾರಿಗೆ ಹೊಂದುವ ಚಕ್ರ ಯಾವುದು ಎಂಬ ಪ್ರಶ್ನೆ ಬಂದಾಗ ಈ ಮೂರೂ ಕೈಕೊಡುತ್ತವೆ. ಒಂದೇ ವರ್ಷ, ಒಂದೇ ಕಾರ್ಖಾನೆ, ಒಂದೇ ಹೆಸರಿನ ಎರಡು ಕಾರುಗಳಲ್ಲಿ ಒಂದಕ್ಕೆ ಐದು ಬೋಲ್ಟು, ಇನ್ನೊಂದಕ್ಕೆ ನಾಲ್ಕು ಇರಬಹುದು. ಒಂದರ ಹಿಂದಿನ ಚಕ್ರ ಏಳುಬೀಳುವಾಗ ವಾಲುತ್ತದೆ, ಇನ್ನೊಂದರದು ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ.

ಫೋಕ್ಸ್‌ವ್ಯಾಗನ್ ಬೀಟಲ್, ಅದರ ಟ್ರಾನ್ಸ್‌ಪೋರ್ಟರ್ ವ್ಯಾನು, ಪೋರ್ಷೆ 356 ಮತ್ತು 911, ಅಮೆರಿಕದ ಶೆವ್ರೊಲೆ ಕಾರ್ವೇರ್ ಇವುಗಳನ್ನು ಮುಂದಿಟ್ಟುಕೊಂಡು ಈ ಗೊಂದಲದ ಮೂಲವನ್ನು ಹುಡುಕುವುದು ಈ ಲೇಖನದ ಉದ್ದೇಶ. ಚಕ್ರದ ಬದಲಾವಣೆಗಳು ಬರಿಯ ಶೋಕಿಯ ಕಥೆಯಲ್ಲ, ಆಕ್ಸಲ್ಲು ಮತ್ತು ಬ್ರೇಕು ಬದಲಾದಂತೆ ಚಕ್ರ ಅವುಗಳ ಹಿಂದೆ ಬಂದಿದೆ ಎಂಬುದು ಇಲ್ಲಿನ ವಾದ. ಹೀಗಾಗಿ ಚಕ್ರದ ಚರಿತ್ರೆಯನ್ನು ಅಚ್ಚಿನಿಂದ ಹೊರಕ್ಕೆ ಓದಬೇಕೇ ಹೊರತು ರಿಮ್ಮಿನಿಂದ ಒಳಕ್ಕಲ್ಲ.

ಇಬ್ಭಾಗವಾದ ಅಚ್ಚು

ಎತ್ತಿನ ಗಾಡಿಯ ಅಚ್ಚು ಒಂದೇ ತುಂಡು. ಒಂದು ಗಾಲಿ ಕಲ್ಲಿನ ಮೇಲೆ ಹತ್ತಿದರೆ ಇನ್ನೊಂದೂ ಅದರ ಜೊತೆ ವಾಲುತ್ತದೆ. ನಮ್ಮ ಅಂಬಾಸಿಡರ್ ಕಾರಿನ ಹಿಂದಿನ ಆಕ್ಸಲ್ಲೂ ತತ್ತ್ವದಲ್ಲಿ ಇದೇ: ಎರಡು ಚಕ್ರಗಳ ನಡುವೆ ಗಟ್ಟಿಯಾದ ಒಂದು ಕೊಳವೆ, ಅದನ್ನು ಹೊತ್ತ ಪಟ್ಟಿ ಸ್ಪ್ರಿಂಗು. ಈ ಅಚ್ಚನ್ನು ನಡುವೆ ಇಬ್ಭಾಗ ಮಾಡಿ, ಒಂದೊಂದು ಅರ್ಧವೂ ತನ್ನ ಪಾಡಿಗೆ ತೂಗುವಂತೆ ಮಾಡುವುದೇ ಸ್ವಿಂಗ್ ಆಕ್ಸಲ್. ಆಸ್ಟ್ರಿಯಾದ ಎಡ್ಮಂಡ್ ರುಂಪ್ಲರ್ 1903ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇದನ್ನು ಗಾಳಿತಂಪಿನ ಎಂಜಿನ್ನಿನ ಜೊತೆ ಕೂಡಿಸಿ ಬಳಕೆಗೆ ತಂದವನು ಹನ್ಸ್ ಲೆಡ್ವಿಂಕಾ. 1923ರಲ್ಲಿ ಬಂದ ಅವನ ಟಾಟ್ರಾ 11 ಕಾರಿನಲ್ಲಿ ಬೆನ್ನುಮೂಳೆಯಂಥ ನಡುಕೊಳವೆ, ಮುಂದೆ ಎರಡು ಸಿಲಿಂಡರಿನ ಗಾಳಿತಂಪಿನ ಎಂಜಿನ್, ಹಿಂದೆ ತೂಗುವ ಅರ್ಧ ಅಚ್ಚುಗಳು ಇದ್ದವು. 1934ರ ಟಾಟ್ರಾ 77ರಲ್ಲಿ ಎಂಜಿನ್ನೂ ಹಿಂದಕ್ಕೆ ಸರಿಯಿತು.

ಫರ್ಡಿನಂಡ್ ಪೋರ್ಷೆ ಬೀಟಲ್ಲಿಗೆ ಆರಿಸಿಕೊಂಡದ್ದೂ ಇದೇ ಅಚ್ಚನ್ನು. ಸ್ಪ್ರಿಂಗು ಮಾತ್ರ ಅವನದೇ ಸಂಸ್ಥೆಯ ತಿರುಚು ಸರಳು, ಅಂದರೆ ಟಾರ್ಷನ್ ಬಾರ್. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಹಿಂದೆ ಒಂದೇ ಗಂಟಾಗಿ ಕೂತಾಗ ಅಚ್ಚನ್ನು ಇಬ್ಭಾಗ ಮಾಡುವುದು ಸಹಜವೂ ಅಗ್ಗವೂ ಆದ ದಾರಿ. ಒಂದು ಬದಿಗೆ ಒಂದೇ ಕೀಲು ಸಾಕು.

ಆ ಕೀಲಿನ ರಚನೆಯನ್ನು ಹತ್ತಿರದಿಂದ ನೋಡಬೇಕು. ಬೀಟಲ್ಲಿನ ಅರ್ಧ ಅಚ್ಚಿನ ಒಳತುದಿ ಗುದ್ದಲಿಯ ಅಲಗಿನಂತೆ ಚಪ್ಪಟೆ. ಅದು ಡಿಫರೆನ್ಷಿಯಲ್ಲಿನ ಗೇರಿನೊಳಗೆ ಎರಡು ಬಿಲ್ಲೆಗಳ ನಡುವೆ ಕೂತು, ತಿರುಗುತ್ತಲೇ ಮೇಲೆ ಕೆಳಗೆ ಆಡುತ್ತದೆ. ಹೊರಗೆ ಅಚ್ಚನ್ನು ಮುಚ್ಚಿದ ಉಕ್ಕಿನ ಕೊಳವೆ, ಒಳತುದಿಯಲ್ಲಿ ರಬ್ಬರಿನ ಬೂಟು. ಗೇರ್‌ಬಾಕ್ಸಿನ ಎಣ್ಣೆಯೇ ಕೊಳವೆಯೊಳಗೂ ಹರಿಯುತ್ತದೆ. ಬೂಟು ಹರಿದರೆ ನೆಲಕ್ಕೆ ಎಣ್ಣೆ, ಹೊರತುದಿಯ ಸೀಲು ಸವೆದರೆ ಬ್ರೇಕ್ ಡ್ರಮ್ಮಿಗೆ ಎಣ್ಣೆ. ಕಾರಿನ ಕೆಳಗೆ ಬಾಗಿ ನೋಡಿದಾಗ ಗೇರ್‌ಬಾಕ್ಸಿನಿಂದ ಚಕ್ರದವರೆಗೆ ದಪ್ಪ ಕೊಳವೆ, ಅದಕ್ಕೆ ಒಂದೇ ಬೂಟು ಕಂಡರೆ ಅದು ಸ್ವಿಂಗ್ ಆಕ್ಸಲ್. ತೆಳ್ಳನೆಯ ತೆರೆದ ಸರಳಿನ ಎರಡೂ ತುದಿಗೆ ಬೂಟುಗಳಿದ್ದರೆ ಅದು ನಂತರದ ಎರಡು ಕೀಲಿನ ಆಕ್ಸಲ್. ಈ ಪರೀಕ್ಷೆಗೆ ಯಾವ ದಾಖಲೆಯೂ ಬೇಡ.

ತೂಗುವ ಅಚ್ಚಿನ ದೋಷ

ಒಂದೇ ಕೀಲಿನ ಬೆಲೆಯನ್ನು ಚಕ್ರ ತೆರಬೇಕಾಗುತ್ತದೆ. ಅಚ್ಚಿಗೆ ಚಕ್ರ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಚ್ಚು ತೂಗಿದಷ್ಟೂ ಚಕ್ರ ವಾಲುತ್ತದೆ. ಜಾಕ್ ಹಾಕಿ ಬೀಟಲ್ಲಿನ ಹಿಂಭಾಗ ಎತ್ತಿದರೆ ಚಕ್ರಗಳ ಕೆಳತುದಿ ಒಳಕ್ಕೆ ಸೇರಿಕೊಳ್ಳುತ್ತದೆ. ಭಾರ ಹೇರಿ ತಗ್ಗಿಸಿದರೆ ಮೇಲ್ತುದಿ ಒಳಕ್ಕೆ ಬಾಗುತ್ತದೆ. ತಿರುವಿನಲ್ಲಿ ರಸ್ತೆಯು ಹೊರಬದಿಯ ಟೈರನ್ನು ಒಳಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಗಿಡ್ಡ ಅಚ್ಚಿನ ಮೂಲಕ ಎತ್ತರದ ಕೀಲನ್ನು ತಲುಪಿ ಕಾರಿನ ಹಿಂಭಾಗವನ್ನೇ ಎತ್ತುತ್ತದೆ. ಎತ್ತಿದಷ್ಟೂ ಚಕ್ರ ಒಳಕ್ಕೆ ಮಡಚುತ್ತದೆ, ಮಡಚಿದಷ್ಟೂ ಹಿಡಿತ ಕಡಿಮೆಯಾಗುತ್ತದೆ. ನಡು ತಿರುವಿನಲ್ಲಿ ಚಾಲಕ ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಕೆಲಸ ಇನ್ನಷ್ಟು ಕೆಡುತ್ತದೆ.

ಈ ದೋಷ ಸಾರ್ವಜನಿಕ ಚರ್ಚೆಗೆ ಬಂದದ್ದು ಕಾರ್ವೇರ್ ಮೂಲಕ. ಹಿಂದೆ ಗಾಳಿತಂಪಿನ ಆರು ಸಿಲಿಂಡರಿನ ಎಂಜಿನ್ ಇದ್ದ ಈ ಕಾರು 1960ರ ಮಾಡೆಲ್ ಆಗಿ ಸ್ವಿಂಗ್ ಆಕ್ಸಲ್ಲಿನೊಂದಿಗೆ ಮಾರುಕಟ್ಟೆಗೆ ಬಂತು. ಹಿಂಭಾಗ ಜಾರದಿರಲು ತಯಾರಕರು ನೆಚ್ಚಿಕೊಂಡದ್ದು ಟೈರಿನ ಗಾಳಿಯನ್ನು: ಮುಂದೆ 15 ಪಿ.ಎಸ್.ಐ., ಹಿಂದೆ 26. ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ಹೊಡೆಯುವುದು ಎಲ್ಲ ಊರಿನ ರೂಢಿ, ಅಲ್ಲಿಗೆ ಆ ಲೆಕ್ಕ ತಪ್ಪಿತು. 1964ರ ಮಾಡೆಲ್ಲಿಗೆ ಅಡ್ಡಪಟ್ಟಿ ಸ್ಪ್ರಿಂಗು ಸೇರಿಸಿದರು. 1965ರ ಮಾಡೆಲ್ಲಿನಲ್ಲಿ ಸ್ವಿಂಗ್ ಆಕ್ಸಲ್ಲನ್ನೇ ಬಿಟ್ಟು ಬೇರೆ ವ್ಯವಸ್ಥೆ ತಂದರು. ಆಗಲೇ ಚಕ್ರದ ಬೋಲ್ಟುಗಳೂ ನಾಲ್ಕರಿಂದ ಐದಾದವು. ರಾಲ್ಫ್ ನೇಡರ್ ತನ್ನ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದ ಮೊದಲ ಅಧ್ಯಾಯವನ್ನು ಈ ಕಾರಿಗೇ ಮೀಸಲಿಟ್ಟು ಪ್ರಕಟಿಸಿದ್ದು 1965ರ ಕೊನೆಗೆ, ಅಂದರೆ ದೋಷ ತಿದ್ದಿದ ಮಾಡೆಲ್ ರಸ್ತೆಗೆ ಇಳಿದಾದ ಮೇಲೆ. ಅಮೆರಿಕ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ 1972ರಲ್ಲಿ ಕೊಟ್ಟ ವರದಿ, 1960ರಿಂದ 63ರವರೆಗಿನ ಕಾರ್ವೇರುಗಳು ಸಮಕಾಲೀನ ಕಾರುಗಳಿಗಿಂತ ಹೆಚ್ಚು ಹತೋಟಿ ತಪ್ಪುವಂಥವಲ್ಲ ಎಂದಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುವುದಿಷ್ಟು: ಅಚ್ಚಿನ ಗುಣವನ್ನು ಟೈರು ಮತ್ತು ಗಾಳಿಯಿಂದ ಬೇರ್ಪಡಿಸಿ ತೂಗಲು ಬರುವುದಿಲ್ಲ.

ಸ್ವಿಂಗ್ ಆಕ್ಸಲ್ ಬಿಟ್ಟರೆ ಗತಿಯಿಲ್ಲ ಎಂಬ ಕಾಲವೂ ಅದಾಗಿರಲಿಲ್ಲ. ಹಿಂದೆ ಗಾಳಿತಂಪಿನ ಎರಡು ಸಿಲಿಂಡರಿನ ಎಂಜಿನ್ ಇದ್ದ ಫಿಯೆಟ್ 500 ಪುಟ್ಟ ಕಾರು 1957ರಲ್ಲೇ ಓರೆ ತೋಳುಗಳ ಮೇಲೆ ಹಿಂದಿನ ಚಕ್ರಗಳನ್ನು ನಿಲ್ಲಿಸಿತ್ತು.

ಬೀಟಲ್ಲಿನ ತಿದ್ದುಪಡಿಗಳು

ಫೋಕ್ಸ್‌ವ್ಯಾಗನ್ ಒಮ್ಮೆಲೇ ಏನನ್ನೂ ಬದಲಿಸಲಿಲ್ಲ. ಆರಂಭದ ಬೀಟಲ್ಲಿನ ಹಿಂದಿನ ಚಕ್ರಗಳ ನಡುವಿನ ಅಂತರ 1,250 ಮಿ.ಮೀ. ಇತ್ತು. 1959ರ ಆಗಸ್ಟಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ತುಸು ಓರೆ ಮಾಡಿ ಅಚ್ಚಿನ ಕೀಲನ್ನು ಕೆಳಗಿಳಿಸಿದರು. 1966ರ ಆಗಸ್ಟಿನಲ್ಲಿ ಬಂದ 1500 ಬೀಟಲ್ಲಿನಲ್ಲಿ ಅರ್ಧ ಅಚ್ಚುಗಳು ಉದ್ದವಾಗಿ ಅಂತರ 1,358 ಮಿ.ಮೀ. ತಲುಪಿತು. ಹವ್ಯಾಸಿಗಳು ‘ಗಿಡ್ಡ ಆಕ್ಸಲ್’, ‘ಉದ್ದ ಆಕ್ಸಲ್’ ಎಂದು ವಿಂಗಡಿಸುವುದು ಇದರ ಆಧಾರದ ಮೇಲೆ. ಅದೇ ಸಲ ಎರಡೂ ಅಚ್ಚುಗಳನ್ನು ಜೋಡಿಸುವ ಒಂದು ಸಮತೋಲನ ಸರಳೂ ಬಂತು. ಕಾರ್ವೇರಿನ ಅಡ್ಡಪಟ್ಟಿಯ ಹಾಗೆ ಇದೂ ಎರಡು ಚಕ್ರ ಒಟ್ಟಿಗೆ ಏರಿದಾಗ ಭಾರ ಹೊರುತ್ತದೆ, ಕಾರು ಒಂದು ಬದಿಗೆ ವಾಲಿದಾಗ ಸುಮ್ಮನಿರುತ್ತದೆ.

ಎರಡು ಕೀಲಿನ ಆಕ್ಸಲ್ ಮೊದಲು ಬಂದದ್ದು 1967ರ ಆಗಸ್ಟಿನ ಹೊಸ ವ್ಯಾನಿಗೆ. ಬದಿಗೆ ಎರಡರಂತೆ ನಾಲ್ಕು ಕೀಲು (ಸಿ.ವಿ. ಜಾಯಿಂಟು), ಚಕ್ರವನ್ನು ಹಿಡಿಯಲು ಓರೆ ತೋಳು. ಅದಕ್ಕೂ ಮುಂಚಿನ ವ್ಯಾನಿನದು ಇನ್ನೊಂದೇ ಕಥೆ. ಯುದ್ಧಕಾಲದ ಸೇನಾ ವಾಹನ ಕ್ಯೂಬೆಲ್‌ವ್ಯಾಗನ್ನಿನಿಂದ ಬಂದ ಏರ್ಪಾಟಿನಂತೆ, ಅದರ ಅಚ್ಚಿನ ತುದಿಯಲ್ಲಿ ಚಕ್ರಕ್ಕೊಂದು ಗೇರು ಪೆಟ್ಟಿಗೆ ಇತ್ತು. ನೆಲದಿಂದ ಎತ್ತರವೂ ಏರು ಹತ್ತುವ ಶಕ್ತಿಯೂ ಇದರಿಂದ ಹೆಚ್ಚುತ್ತಿದ್ದವು. ಆದರೆ ಒಂದು ಜೋಡಿ ಗೇರು ಸೇರಿದರೆ ತಿರುಗುವ ದಿಕ್ಕು ಉಲ್ಟಾ ಆಗುತ್ತದೆ. ಅದಕ್ಕಾಗಿ ಡಿಫರೆನ್ಷಿಯಲ್ಲಿನ ದೊಡ್ಡ ಗೇರನ್ನು ಎದುರು ಬದಿಗೆ ಕೂರಿಸಿದ್ದರು. ಇದನ್ನರಿಯದೆ ಹಳೆಯ ವ್ಯಾನಿನ ಗೇರ್‌ಬಾಕ್ಸನ್ನು ಹಾಗೇ ಬೀಟಲ್ಲಿಗೆ ಕೂರಿಸಿದರೆ ಕಾರಿಗೆ ಮುಂದೆ ಹೋಗಲು ಒಂದು ಗೇರು, ಹಿಂದೆ ಹೋಗಲು ನಾಲ್ಕು!

ಅಮೆರಿಕದಲ್ಲಿ ಮಾರಾಟವಾದ 1968ರ ಮಾಡೆಲ್ ಬೀಟಲ್ಲುಗಳಲ್ಲಿ ಅರೆ ಆಟೊಮ್ಯಾಟಿಕ್ ಗೇರಿನವಕ್ಕೆ ಎರಡು ಕೀಲಿನ ಆಕ್ಸಲ್, ಕೈಗೇರಿನವಕ್ಕೆ ಸ್ವಿಂಗ್ ಆಕ್ಸಲ್. 1969ರ ಮಾಡೆಲ್ಲಿನಿಂದ ಅಲ್ಲಿ ಎಲ್ಲಕ್ಕೂ ಎರಡು ಕೀಲು ಬಂತು. ಜರ್ಮನಿಯಲ್ಲಿ ಮಾತ್ರ 1302, 1303 ಮಾಡೆಲ್ಲುಗಳು ಹೊಸ ಆಕ್ಸಲ್ ಪಡೆದರೂ ಅಗ್ಗದ 1200 ಹಳೆಯ ಅಚ್ಚಿನ ಮೇಲೇ ಓಡಿತು. ಒಂದೇ ವರ್ಷ ತಯಾರಾದ ಎರಡು ಬೀಟಲ್ಲುಗಳ ಹಿಂದಿನ ಚಕ್ರದ ನಡೆ ಬೇರೆಬೇರೆ ಇರಲು ಕಾರಣ ಇದು.

ಬೋಲ್ಟಿನ ವೃತ್ತ

ಈಗ ಚಕ್ರಕ್ಕೆ ಬರೋಣ. ಹಳೆಯ ಬೀಟಲ್, ವ್ಯಾನು ಮತ್ತು ಪೋರ್ಷೆ 356ರ ಚಕ್ರಗಳಲ್ಲಿ ಐದು ತೂತುಗಳು 205 ಮಿ.ಮೀ. ವ್ಯಾಸದ ವೃತ್ತದಲ್ಲಿವೆ. ಇಷ್ಟು ದೊಡ್ಡ ವೃತ್ತವಿದ್ದಾಗ ಚಕ್ರಕ್ಕೆ ನಡುವಿನ ತಟ್ಟೆಯೇ ಬೇಕಿಲ್ಲ, ಅದು ಬಹುಪಾಲು ಒಂದು ಬಳೆ. ನಡುವನ್ನು ತುಂಬುವುದು ಬ್ರೇಕ್ ಡ್ರಮ್ಮು. ಚಕ್ರದ ಉಕ್ಕು ಉಳಿಯುತ್ತದೆ, ತೂಕವೂ ತಗ್ಗುತ್ತದೆ. ಡ್ರಮ್ ಬ್ರೇಕಿನ ಕಾಲಕ್ಕೆ ಹೇಳಿಮಾಡಿಸಿದ ಜಾಣತನ ಇದು.

ಈ ವೃತ್ತವನ್ನು ಕುಗ್ಗಿಸಿದ್ದು ಡಿಸ್ಕ್ ಬ್ರೇಕು ಎಂಬುದಕ್ಕೆ ಪೋರ್ಷೆಯೇ ಒಳ್ಳೆಯ ಸಾಕ್ಷಿ. 356 ಸರಣಿಯ ಕರೇರಾ 2 ಕಾರಿಗೆ ಆ ಸಂಸ್ಥೆ ಉಂಗುರದಂಥ ಡಿಸ್ಕನ್ನು ತಾನೇ ರೂಪಿಸಿ, ಅದನ್ನು ಒಳಗಿನಿಂದ ಹಿಡಿಯುವ ಕ್ಯಾಲಿಪರ್ ಮಾಡಿ, ಹಳೆಯ 205ರ ಚಕ್ರವನ್ನು ಉಳಿಸಿಕೊಂಡಿತ್ತು. 1963ರಲ್ಲಿ 356ಸಿ ಮಾಡೆಲ್ ಸಾಮಾನ್ಯ ಬಗೆಯ ಡಿಸ್ಕನ್ನು ಒಪ್ಪಿಕೊಂಡ ಕೂಡಲೇ ಐದು ಬೋಲ್ಟುಗಳ ವೃತ್ತ 130 ಮಿ.ಮೀ.ಗೆ ಇಳಿಯಿತು, 911 ಅದನ್ನೇ ಮುಂದುವರಿಸಿತು. ಫೋಕ್ಸ್‌ವ್ಯಾಗನ್ನಿನಲ್ಲೂ ನಡೆದದ್ದು ಇದೇ. ಮುಂದೆ ಡಿಸ್ಕ್ ಬ್ರೇಕಿದ್ದ ಜರ್ಮನಿಯ 1967ರ ಮಾಡೆಲ್ 1500 ಬೀಟಲ್ಲಿಗೆ 130ರ ವೃತ್ತದಲ್ಲಿ ನಾಲ್ಕು ಬೋಲ್ಟು. ಅದೇ ವರ್ಷ ಅಮೆರಿಕಕ್ಕೆ ಹೋದ 1500ಕ್ಕೆ ಡ್ರಮ್ ಬ್ರೇಕು, ಆದ್ದರಿಂದ ಹಳೆಯ ಐದು ಬೋಲ್ಟು. ವ್ಯಾನಿಗೆ 1971ರ ಮಾಡೆಲ್ಲಿನಲ್ಲಿ ಮುಂದಿನ ಡಿಸ್ಕು ಮತ್ತು 112 ಮಿ.ಮೀ.ಯ ಐದು ಬೋಲ್ಟಿನ ವೃತ್ತ ಜೊತೆಜೊತೆಯಾಗಿ ಬಂದವು. ಮೂರು ಪ್ರಸಂಗಗಳಲ್ಲೂ ಹೊಸ ಬ್ರೇಕು ಮತ್ತು ಹೊಸ ವೃತ್ತ ಕೈಹಿಡಿದೇ ಬಂದಿರುವುದು ಕಾಕತಾಳೀಯವಲ್ಲ.

ಜೋಡಣೆಯ ಲೆಕ್ಕ

ತೂತು ಹೊಂದಿತು ಎಂದಮಾತ್ರಕ್ಕೆ ಚಕ್ರ ಹೊಂದಿದಂತಲ್ಲ. ರಿಮ್ಮಿನ ನಡುಗೆರೆಗೂ ಅದು ಡ್ರಮ್ಮಿಗೆ ಕೂರುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ಆಫ್‌ಸೆಟ್ ಬದಲಿಸದೆ ರಿಮ್ಮನ್ನು ಒಂದಿಂಚು ಅಗಲಿಸಿದರೆ ಅದು ಒಳಕ್ಕೂ ಹೊರಕ್ಕೂ 12.7 ಮಿ.ಮೀ. ಚಾಚುತ್ತದೆ. ಆಫ್‌ಸೆಟ್ 10 ಮಿ.ಮೀ. ತಗ್ಗಿದರೆ ಎರಡೂ ಚಕ್ರ ಹೊರಬಂದು ಅಂತರ 20 ಮಿ.ಮೀ. ಹೆಚ್ಚುತ್ತದೆ. ಗಿಡ್ಡ ಆಕ್ಸಲ್ಲಿನ ಕಾರಿನ ಮಡ್‌ಗಾರ್ಡಿನೊಳಗೆ ಆರಾಮವಾಗಿ ಕೂತ ಚಕ್ರ ಉದ್ದ ಆಕ್ಸಲ್ಲಿನ ಕಾರಿನಲ್ಲಿ ಮಡ್‌ಗಾರ್ಡಿನ ಅಂಚಿಗೆ ಉಜ್ಜುವುದು ಈ ಲೆಕ್ಕದಿಂದಲೇ.

ಕಾರನ್ನು ತಗ್ಗಿಸಿದವರಿಗೆ ಲೆಕ್ಕ ಇನ್ನೂ ಸೂಕ್ಷ್ಮ. ಬೀಟಲ್ಲಿನ ತಿರುಚು ಸರಳಿಗೆ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44. ಒಳಗೆ ಒಂದು ಹಲ್ಲು ಸರಿಸಿದರೆ 9 ಡಿಗ್ರಿ, ಹೊರಗೆ ಒಂದು ಹಲ್ಲನ್ನು ಎದುರು ದಿಕ್ಕಿಗೆ ಸರಿಸಿದರೆ 8 ಡಿಗ್ರಿ ಚಿಲ್ಲರೆ. ಎರಡರ ವ್ಯತ್ಯಾಸದಿಂದ ಒಂದು ಡಿಗ್ರಿಗೂ ಕಡಿಮೆ ಹೊಂದಾಣಿಕೆ ಕೈಗೆ ಸಿಗುತ್ತದೆ. ಆದರೆ ಸ್ವಿಂಗ್ ಆಕ್ಸಲ್ಲಿನಲ್ಲಿ ತಗ್ಗಿಸಿದ ಪ್ರತಿ ಡಿಗ್ರಿಯೂ ಚಕ್ರದ ವಾಲಿಕೆಯಾಗಿ ಕಾಣಿಸಿಕೊಂಡು ಟೈರಿನ ಒಳಅಂಚನ್ನು ತಿನ್ನುತ್ತದೆ. ಎರಡು ಕೀಲಿನ ಆಕ್ಸಲ್ಲಿನಲ್ಲಿ ಈ ಕಾಟ ಬಹಳ ಕಡಿಮೆ.

ಕೊನೆಯ ಕೊಂಡಿ ಬಿಗಿತದ್ದು. ಕಾರ್ಖಾನೆಯ ಉಕ್ಕಿನ ಚಕ್ರದ ಬೋಲ್ಟಿಗೆ ಕೂರುವ ಮುಖ ಗುಂಡಗೆ, ಹೊರಗಿನ ಅಲಾಯ್ ಚಕ್ರಗಳು ಹಲವು ಕೇಳುವುದು ಶಂಕುವಿನಂಥ ಮುಖ. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಬೋಲ್ಟು ತೆಳ್ಳನೆಯ ಗೆರೆಯಷ್ಟೇ ಹಿಡಿದು ಓಡಾಟದಲ್ಲಿ ಸಡಿಲವಾಗುತ್ತದೆ. ಡ್ರಮ್ಮನ್ನು ಅಚ್ಚಿಗೆ ಹಿಡಿದಿಡುವ ನಡುವಿನ 36 ಮಿ.ಮೀ. ನಟ್ಟಿಗೆ ಸುಮಾರು 30 ಕಿಲೋಗ್ರಾಂ-ಮೀಟರ್ ಬಿಗಿತ ಬೇಕು, ಅಂದರೆ ಒಂದು ಮೀಟರ್ ಉದ್ದದ ಪಾನದ ತುದಿಗೆ 30 ಕಿಲೋ ತೂಕ ತೂಗುಬಿಟ್ಟಷ್ಟು. ಅಷ್ಟು ಬಿಗಿದ ಮೇಲೂ ಸ್ಪ್ಲಿಟ್ ಪಿನ್ನಿನ ತೂತು ನೇರಕ್ಕೆ ಬರದಿದ್ದರೆ ಇನ್ನಷ್ಟು ಬಿಗಿಯಬೇಕು, ಸಡಿಲಿಸಕೂಡದು. ನಟ್ಟು ಸಡಿಲವಿದ್ದರೆ ಡ್ರಮ್ಮಿನ ಒಳಹಲ್ಲುಗಳು ಸವೆದು, ಒಂದು ದಿನ ಅಚ್ಚು ತಿರುಗಿದರೂ ಚಕ್ರ ತಿರುಗದು. ಬಂಡಿಗೆ ಕಡೆಗೀಲು ಹೇಗೋ ಇಲ್ಲಿ ಈ ಪಿನ್ನು ಹಾಗೆ.

ಉಪಸಂಹಾರ

ಮೇಲಿನ ಉದಾಹರಣೆಗಳಿಂದ ಎರಡು ಮಾತು ಖಚಿತವಾಗುತ್ತವೆ. ಮೊದಲನೆಯದು, ಚಕ್ರದ ಅಂತರವನ್ನೂ ವಾಲಿಕೆಯನ್ನೂ ತೀರ್ಮಾನಿಸಿದ್ದು ಅಚ್ಚು, ಬೋಲ್ಟಿನ ವೃತ್ತವನ್ನು ತೀರ್ಮಾನಿಸಿದ್ದು ಬ್ರೇಕು. ಎರಡನೆಯದು, ಈ ಎರಡೂ ಬೇರೆಬೇರೆ ಕಾಲಕ್ಕೆ, ಬೇರೆಬೇರೆ ಮಾರುಕಟ್ಟೆಗೆ ತಕ್ಕಂತೆ ಬದಲಾದ್ದರಿಂದ ಮಾಡೆಲ್ ವರ್ಷ ಇಲ್ಲಿ ಪ್ರಮಾಣವಾಗುವುದಿಲ್ಲ. ಇಷ್ಟು ವರ್ಷಗಳಲ್ಲಿ ಡ್ರಮ್ಮು, ಅಚ್ಚು, ಗೇರ್‌ಬಾಕ್ಸು ಒಂದು ಕಾರಿನಿಂದ ಇನ್ನೊಂದಕ್ಕೆ ಹೋಗಿರುವುದೂ ಉಂಟು. ಆದ್ದರಿಂದ ಹಳೆಯ ಗಾಳಿತಂಪಿನ ಕಾರಿಗೆ ಚಕ್ರ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಕಾರಿನ ಕೆಳಗೆ ಒಮ್ಮೆ ಬಾಗಿ ಬೂಟುಗಳನ್ನು ಎಣಿಸಲಿ, ಡ್ರಮ್ಮಿನ ಮುಖದಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿಯಲಿ. ಪುಸ್ತಕದಲ್ಲಿ ಬರೆದ ವರ್ಷವನ್ನು ಅದಾದ ಮೇಲೆ ನೋಡಿದರಾಯಿತು.